ಬೇಸಿಗೆ ರಜೆಯ ಯೋಜನೆಗಳನ್ನು ಮಕ್ಕಳಿಂದ ಬರೆಸುವ ಬಗೆ

ಶಾಲಾ ವರ್ಷ ಮುಗಿಯಲು ಎರಡು ಮೂರು ವಾರಗಳಷ್ಟೇ ಉಳಿದಿರುವಾಗ ಪ್ರಾಥಮಿಕ ತರಗತಿಗಳ ಚಹರೆಯೇ ಬದಲಾಗಿಬಿಡುತ್ತದೆ. ಪಾಠಗಳು ಮುಗಿದಿರುತ್ತವೆ, ಮಕ್ಕಳ ಮನಸ್ಸು ಆಗಲೇ ಶಾಲೆಯ ಗೇಟು ದಾಟಿರುತ್ತದೆ, ಶಿಕ್ಷಕರ ಮೇಜಿನ ಮೇಲೆ ತಿದ್ದಬೇಕಾದ ಉತ್ತರಪತ್ರಿಕೆಗಳು ಪೇರಿಸಿಕೊಂಡಿರುತ್ತವೆ. ಇಂಥ ಹೊತ್ತಿನಲ್ಲಿ ‘ಬೇಸಿಗೆ ರಜೆಯಲ್ಲಿ ನೀವು ಏನೇನು ಮಾಡುವಿರಿ? ಹತ್ತು ವಾಕ್ಯಗಳಲ್ಲಿ ಬರೆಯಿರಿ’ ಎಂದು ಹಲಗೆಯ ಮೇಲೆ ಬರೆದು ಕುಳಿತುಕೊಳ್ಳುವುದು ಸುಲಭ. ಅದರಿಂದ ಬರುವ ಫಲವನ್ನು ಊಹಿಸುವುದೂ ಅಷ್ಟೇ ಸುಲಭ: ‘ನಾನು ಊರಿಗೆ ಹೋಗುತ್ತೇನೆ. ಆಟ ಆಡುತ್ತೇನೆ. ಟಿ.ವಿ. ನೋಡುತ್ತೇನೆ. ತುಂಬಾ ಮಜಾ ಮಾಡುತ್ತೇನೆ.’ ಹಾಳೆಯ ಮೇಲಿನ ಹೆಸರನ್ನು ಮುಚ್ಚಿದರೆ ಯಾರ ಬರಹ ಯಾವುದೆಂದು ಬರೆದವರಿಗೇ ಗೊತ್ತಾಗುವುದಿಲ್ಲ.

ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ನಡೆದುಹೋದದ್ದನ್ನು ಬರೆಯುವವರಿಗೆ ನೆನಪು ಸಾಮಗ್ರಿಯನ್ನು ಒದಗಿಸುತ್ತದೆ; ಇನ್ನೂ ನಡೆಯದೇ ಇರುವುದನ್ನು ಬರೆಯಲು ಹೊರಟ ಎಂಟು ವರ್ಷದ ಮಗುವಿನ ಕೈಯಲ್ಲಿ ಹಿಡಿಯುವುದಕ್ಕೆ ಏನೂ ಇರುವುದಿಲ್ಲ. ಸಾಲದ್ದಕ್ಕೆ, ಬರೆದ ಆ ಹಾಳೆಯಿಂದ ಮಗುವಿಗೆ ಆಗಬೇಕಾದ ಕೆಲಸವೂ ಇರುವುದಿಲ್ಲ, ಏಕೆಂದರೆ ಅದು ಶಿಕ್ಷಕರ ಕೈ ಸೇರಿ, ಒಂದು ಸರಿ ಗುರುತು ಪಡೆದು, ವರ್ಷದ ಕೊನೆಯ ರದ್ದಿಯಲ್ಲಿ ಮಾಯವಾಗುತ್ತದೆ. ಯೋಜನೆಯೆಂದರೆ ಬಳಸುವುದಕ್ಕಾಗಿ ಬರೆಯುವ ಬರಹ. ಅಂಗಡಿಗೆ ಹೋಗುವಾಗ ಮಾಡಿಕೊಳ್ಳುವ ಪಟ್ಟಿಯ ಹಾಗೆ ಅದು ಮುಂದೊಂದು ದಿನ ಯಾರಾದರೂ ತೆರೆದು ನೋಡುವ ಹಾಳೆಯಾಗಬೇಕು. ಇಲ್ಲಿ ವಿವರಿಸಿರುವ ಚಟುವಟಿಕೆಗಳನ್ನೆಲ್ಲ ಈ ಒಂದು ಎಣಿಕೆಯ ಮೇಲೆ ಆರಿಸಲಾಗಿದೆ. ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದರೂ, ಮನೆಯಲ್ಲಿ ಒಂದೇ ಮಗುವಿನಿಂದ ಬರೆಸುವ ತಂದೆತಾಯಿಯರಿಗೂ ಇವುಗಳಲ್ಲಿ ಹೆಚ್ಚಿನವು ಹೊಂದುತ್ತವೆ.

ಮೊದಲು ಪ್ರಶ್ನೆಯನ್ನು ಸರಿಪಡಿಸಿಕೊಳ್ಳಿ

‘ಎಲ್ಲಿಗೆ ಹೋಗುತ್ತೀಯಾ?’ ಎಂಬ ಪ್ರಶ್ನೆಯನ್ನು ಈ ಚಟುವಟಿಕೆಯಿಂದ ಪೂರ್ತಿಯಾಗಿ ಹೊರಗಿಡುವುದು ಒಳ್ಳೆಯದು. ಪ್ರತಿ ತರಗತಿಯಲ್ಲೂ ಎಲ್ಲಿಗೂ ಹೋಗದ ಮಕ್ಕಳಿರುತ್ತಾರೆ. ಮನೆಯಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳಬೇಕಾದವರು, ತಂದೆ ತಾಯಿ ಬೇರೆ ಬೇರೆ ಇರುವುದರಿಂದ ರಜೆಯನ್ನು ಯಾರ ಜೊತೆ ಕಳೆಯಬೇಕೆಂಬುದು ಇನ್ನೂ ತೀರ್ಮಾನವಾಗದವರು, ಶಾಲೆಯೇ ದಿನದ ಅತ್ಯಂತ ನೆಮ್ಮದಿಯ ಜಾಗವಾಗಿರುವವರು ಇರುತ್ತಾರೆ. ಪಕ್ಕದಲ್ಲಿ ಕುಳಿತ ಮಗು ವಿಮಾನದ ಬಗ್ಗೆ ಬರೆಯುತ್ತಿರುವಾಗ ಇವರ ಪೆನ್ಸಿಲ್ ನಿಂತುಹೋಗುತ್ತದೆ, ಇಲ್ಲವೇ ಇವರು ಸುಳ್ಳು ಬರೆಯುತ್ತಾರೆ. ನನ್ನ ತರಗತಿಯಲ್ಲಿ ಒಬ್ಬಳು ಹುಡುಗಿ ಸಮುದ್ರತೀರದ ಬಗ್ಗೆ ಒಂದು ಪುಟ ತುಂಬ ಸೊಗಸಾಗಿ ಬರೆದುಕೊಟ್ಟಳು. ಆ ಮನೆಯವರು ರಜೆಯಲ್ಲಿ ಎಲ್ಲಿಗೂ ಹೊರಡುವ ಸ್ಥಿತಿಯಲ್ಲಿರಲಿಲ್ಲ ಎಂದು ಆಮೇಲೆ ತಿಳಿಯಿತು. ಅವಳು ಸುಳ್ಳು ಹೇಳಿದಳೆನ್ನುವುದಕ್ಕಿಂತ ನಾನು ಕೇಳಿದ ಪ್ರಶ್ನೆ ಅವಳಿಂದ ಸುಳ್ಳು ಹೇಳಿಸಿತು ಎನ್ನುವುದೇ ಸರಿ.

ಬದಲಿಗೆ ‘ಏನನ್ನು ಕಲಿಯಬೇಕೆಂದಿದ್ದೀಯಾ?’, ‘ಯಾವ ಕೆಲಸವನ್ನು ಬೇರೆಯವರ ಸಹಾಯವಿಲ್ಲದೆ ಮಾಡಬೇಕೆಂದು ಆಸೆ ಇದೆ?’, ‘ಮನೆಯ ಸುತ್ತ ಇರುವ ಯಾವುದನ್ನು ದಿನವೂ ನೋಡಬೇಕೆಂದಿದ್ದೀಯಾ?’ ಎಂಬಂಥ ಪ್ರಶ್ನೆಗಳನ್ನು ಕೇಳಬಹುದು. ಶೂ ದಾರವನ್ನು ತಾನೇ ಕಟ್ಟಿಕೊಳ್ಳುವುದು, ಸೈಕಲ್ ಬ್ಯಾಲೆನ್ಸ್ ಮಾಡುವುದು, ಒಂದು ಬೀಜ ನೆಟ್ಟು ಅದರ ಎಲೆಗಳನ್ನು ಎಣಿಸುವುದು, ಇರುವೆಗಳ ಸಾಲು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಪತ್ತೆ ಹಚ್ಚುವುದು, ಗುಂಡಿ ಕಿತ್ತುಹೋದ ಅಂಗಿಗೆ ಗುಂಡಿ ಹೊಲಿಯುವುದು ಇವೆಲ್ಲ ಹಣವಿಲ್ಲದೆ ಆಗುವ, ಮನೆಯಲ್ಲೇ ಮುಗಿಯುವ ಯೋಜನೆಗಳು. ಹಲಗೆಯ ಮೇಲೆ ಮಾದರಿ ಬರೆಯುವಾಗ ಶಿಕ್ಷಕರು ತಮ್ಮ ಸ್ವಂತ ಯೋಜನೆಯೊಂದನ್ನೇ ಬರೆಯುವುದು ಸೂಕ್ತ, ಮತ್ತು ಅದು ಚಿಕ್ಕದಾಗಿರಬೇಕು. ‘ನನ್ನ ಪುಸ್ತಕದ ಕಪಾಟಿನ ಕೆಳಗಿನ ಸಾಲನ್ನು ಮೂರು ದಿನಗಳಲ್ಲಿ ಜೋಡಿಸಬೇಕೆಂದಿದ್ದೇನೆ’ ಎಂದು ಶಿಕ್ಷಕರೇ ಬರೆದರೆ, ಯೋಜನೆ ದೊಡ್ಡದಾಗಿರಬೇಕೆಂಬ ಭಯ ಮಕ್ಕಳಿಗೆ ತಾನಾಗಿಯೇ ಬಿಟ್ಟುಹೋಗುತ್ತದೆ.

ಮಗು ಹೇಳಿದ ಯೋಜನೆ ಬರೆಯಲು ಯೋಗ್ಯವೇ ಎಂದು ನೋಡಲು ನಾನು ಮೂರು ವಿಷಯಗಳನ್ನು ಕೇಳುತ್ತೇನೆ. ಅದನ್ನು ಮಾಡುವುದು ಮಗುವಿನ ಕೈಯಲ್ಲೇ ಇದೆಯೇ? ಶುರುಮಾಡಲು ಒಂದು ದಿನವನ್ನು ಹೆಸರಿಸಬಹುದೇ? ಮುಗಿಯಿತೆಂದು ಗೊತ್ತಾಗುವುದು ಹೇಗೆ? ‘ಚೆನ್ನಾಗಿ ಓದುತ್ತೇನೆ’ ಎಂಬ ವಾಕ್ಯ ಮೂರನೆಯ ಪ್ರಶ್ನೆಯಲ್ಲೇ ಬಿದ್ದುಹೋಗುತ್ತದೆ. ‘ದಪ್ಪನೆಯ ಒಂದು ಕಥೆಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸುತ್ತೇನೆ’ ಎಂಬುದು ನಿಲ್ಲುತ್ತದೆ.

ಬರೆಯುವ ಮೊದಲು ಮಾತು

ನಲವತ್ತು ನಿಮಿಷದ ಅವಧಿಯಲ್ಲಿ ಮೊದಲ ಹತ್ತು ನಿಮಿಷ ಪೆನ್ಸಿಲ್ ಮುಟ್ಟಬಾರದು. ಮಕ್ಕಳನ್ನು ಇಬ್ಬಿಬ್ಬರಾಗಿ ಕೂರಿಸಿ, ಒಬ್ಬರು ಎರಡು ನಿಮಿಷ ತಮ್ಮ ಯೋಜನೆಯನ್ನು ಹೇಳಬೇಕು, ಕೇಳುವವರು ಎರಡು ಪ್ರಶ್ನೆಗಳನ್ನು ಕೇಳಲೇಬೇಕು, ಆಮೇಲೆ ಸರದಿ ಬದಲಾಗಬೇಕು ಎಂಬ ನಿಯಮ ಮಾಡಿ. ಕೇಳುವವರ ಪ್ರಶ್ನೆಗಳಿಗೆ ಹಲಗೆಯ ಮೇಲೆ ‘ಯಾವಾಗ, ಯಾರ ಜೊತೆ, ಏನು ಬೇಕು, ಆಗದಿದ್ದರೆ?’ ಎಂಬ ನಾಲ್ಕು ಸುಳಿವುಗಳನ್ನು ಬರೆದಿಟ್ಟರೆ ಸಾಕು. ಯೋಜನೆಯಲ್ಲಿ ಎಲ್ಲಿ ಟೊಳ್ಳಿದೆ ಎಂಬುದು ಶಿಕ್ಷಕರಿಗಿಂತ ಮೊದಲು ಪಕ್ಕದ ಮಗುವಿಗೆ ಕಾಣುತ್ತದೆ. ‘ಈಜು ಕಲಿಯುತ್ತೇನೆ’ ಎಂದವನಿಗೆ ‘ಯಾರು ಕಲಿಸುತ್ತಾರೆ?’ ಎಂಬ ಪ್ರಶ್ನೆ ಬಂದೊಡನೆ ಅವನು ಯೋಚಿಸತೊಡಗುತ್ತಾನೆ, ಉತ್ತರ ಸಿಕ್ಕಿದರೆ ಅದೇ ಅವನ ಎರಡನೆಯ ವಾಕ್ಯವಾಗುತ್ತದೆ.

ಮಾತು ಮುಗಿದ ಕೂಡಲೇ ಐದು ನಿಮಿಷಗಳಲ್ಲಿ ಬಿಡಿ ಪದಗಳ ಪಟ್ಟಿ ಮಾಡಿಸಿ, ಅನಂತರ ಹದಿನೈದು ನಿಮಿಷ ನಿಶ್ಶಬ್ದವಾಗಿ ಬರೆಯಲು ಬಿಡಿ. ಉಳಿದ ಹತ್ತು ನಿಮಿಷ ಓದುವುದಕ್ಕೆ. ‘ನನಗೆ ಏನೂ ಇಲ್ಲ, ಏನೂ ಮಾಡುವುದಿಲ್ಲ’ ಎನ್ನುವ ಮಗು ಪ್ರತಿ ವರ್ಷವೂ ಒಂದಾದರೂ ಇರುತ್ತದೆ. ಅದಕ್ಕೆ ಒತ್ತಾಯ ಮಾಡದೆ, ಏನೂ ಮಾಡದ ಒಂದು ದಿನವನ್ನು ಬೆಳಗ್ಗೆಯಿಂದ ರಾತ್ರಿಯವರೆಗೆ ಗಂಟೆ ಗಂಟೆಗೆ ಬರೆದುಕೊಡಲು ಹೇಳಿ. ಹತ್ತು ಗಂಟೆಗೆ ಎಲ್ಲಿ ಮಲಗಿರುತ್ತೀಯಾ, ಹನ್ನೊಂದಕ್ಕೆ ಕಿಟಕಿಯಿಂದ ಯಾವ ಸದ್ದು ಬರುತ್ತದೆ, ಹನ್ನೆರಡಕ್ಕೆ ಯಾರು ಕರೆಯುತ್ತಾರೆ ಎಂದು ಕೇಳುತ್ತಾ ಹೋದರೆ ಆ ದಿನ ತುಂಬಿಕೊಳ್ಳುತ್ತದೆ. ತರಗತಿಯ ಅತ್ಯುತ್ತಮ ಬರಹ ಇದೇ ಆಗಿಬಿಡುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ.

ಅತಿ ಚಿಕ್ಕವರಿಗೆ

ಒಂದನೆಯ ಮತ್ತು ಎರಡನೆಯ ತರಗತಿಯ ಮಕ್ಕಳಿಂದ ಚಿತ್ರ ಬಿಡಿಸಿ ಅದರ ಕೆಳಗೆ ಒಂದೆರಡು ವಾಕ್ಯ ಬರೆಸುವುದು ವಾಡಿಕೆ. ಅದರಲ್ಲಿ ಒಂದು ಸಣ್ಣ ಬದಲಾವಣೆ ಮಾಡಬಹುದು. ಹಾಳೆಯನ್ನು ಎರಡು ಭಾಗ ಮಾಡಿ, ಎಡಗಡೆ ‘ಈಗ’ ಎಂದೂ ಬಲಗಡೆ ‘ರಜೆ ಮುಗಿದಾಗ’ ಎಂದೂ ಬರೆಸಿ. ಎಡಗಡೆ ಮಗು ಸೈಕಲ್ಲಿನಿಂದ ಬೀಳುತ್ತಿರುವ ಚಿತ್ರ, ಬಲಗಡೆ ಓಡಿಸುತ್ತಿರುವ ಚಿತ್ರ. ಕೆಳಗೆ ‘ಈಗ ನನಗೆ … ಬರುವುದಿಲ್ಲ’, ‘ರಜೆ ಮುಗಿದಾಗ ನನಗೆ … ಬರುತ್ತದೆ’ ಎಂಬ ಎರಡು ಅರ್ಧ ವಾಕ್ಯಗಳನ್ನು ಕೊಟ್ಟರೆ, ಬರೆಯುವುದನ್ನು ಈಗಷ್ಟೇ ಕಲಿತ ಮಗುವೂ ಒಂದು ನಿಜವಾದ ಯೋಜನೆಯನ್ನು ಬರೆದಂತಾಗುತ್ತದೆ. ಇನ್ನೂ ಬರೆಯಲಾಗದ ಮಗು ಬಾಯಲ್ಲಿ ಹೇಳಿದ್ದನ್ನು ಶಿಕ್ಷಕರು ಅದರ ಮಾತಿನಲ್ಲೇ ಬರೆದುಕೊಡಬೇಕು. ಅದನ್ನು ಶಿಷ್ಟ ಭಾಷೆಗೆ ತಿದ್ದುವ ಆಸೆಯನ್ನು ತಡೆದುಕೊಳ್ಳಬೇಕು. ತಾನು ಹೇಳಿದ್ದೇ ಹಾಳೆಯ ಮೇಲೆ ಬಂದಿದೆ ಎಂದು ಗುರುತಿಸುವುದೇ ಆ ವಯಸ್ಸಿನಲ್ಲಿ ಓದಿನ ದೊಡ್ಡ ಹೆಜ್ಜೆ.

‘ಹಾಗಾದರೆ ಹೀಗೆ’ ಯೋಜನೆ

ಮೂರನೆಯ ತರಗತಿಯಿಂದ ಮೇಲಿನವರಿಗೆ ನಾನು ತಪ್ಪದೆ ಮಾಡಿಸುವ ಚಟುವಟಿಕೆ ಇದು. ಜರ್ಮನ್ ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ 1999ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಬರಿಯ ಗುರಿಯನ್ನು ಇಟ್ಟುಕೊಂಡವರಿಗಿಂತ ‘ಇಂಥ ಸಂದರ್ಭ ಬಂದರೆ ಹೀಗೆ ಮಾಡುತ್ತೇನೆ’ ಎಂದು ಸಂದರ್ಭವನ್ನೂ ಕೆಲಸವನ್ನೂ ಗಂಟುಹಾಕಿ ನಿಶ್ಚಯಿಸಿಕೊಂಡವರು ತಮ್ಮ ಸಂಕಲ್ಪವನ್ನು ಹೆಚ್ಚಾಗಿ ನಡೆಸುತ್ತಾರೆಂದು ವಿವರಿಸಿದರು. ಇದರ ಹಿಂದಿನ ಕಾರಣ ಸರಳ: ಏನು ಮಾಡಬೇಕೆಂದು ಆ ಕ್ಷಣದಲ್ಲಿ ಯೋಚಿಸುವ ಹೊರೆ ಇರುವುದಿಲ್ಲ, ಸಂದರ್ಭವೇ ಕೆಲಸವನ್ನು ನೆನಪಿಸುತ್ತದೆ.

ಕನ್ನಡದಲ್ಲಿ ಬರೆಸುವವರಿಗೆ ಇದರಲ್ಲಿ ಇನ್ನೊಂದು ಅನುಕೂಲವಿದೆ. ‘ಬಂದರೆ’, ‘ಆದರೆ’, ‘ಸಿಕ್ಕದಿದ್ದರೆ’ ಎಂಬ ರೂಪಗಳು ಮಕ್ಕಳ ಮಾತಿನಲ್ಲಿ ಧಾರಾಳವಾಗಿದ್ದರೂ ಬರಹದಲ್ಲಿ ಅಪರೂಪ, ಏಕೆಂದರೆ ಶಾಲೆಯ ಪ್ರಬಂಧಗಳು ಷರತ್ತು ಇರುವ ವಾಕ್ಯಗಳನ್ನು ಕೇಳುವುದೇ ಇಲ್ಲ. ಹಾಳೆಯ ಎಡಗಡೆ ಅಡ್ಡಿಗಳನ್ನು ಬರೆಯಲು ಹೇಳಿ: ಮಳೆ ಬಂದರೆ, ಗೆಳತಿ ಊರಿನಲ್ಲಿ ಇಲ್ಲದಿದ್ದರೆ, ಬೇಸರವಾದರೆ, ಅಣ್ಣ ಸೈಕಲ್ ಕೊಡದಿದ್ದರೆ. ಬಲಗಡೆ ಪ್ರತಿಯೊಂದಕ್ಕೂ ಒಂದು ಉತ್ತರ. ‘ಅಣ್ಣ ಸೈಕಲ್ ಕೊಡದಿದ್ದರೆ ಅವನು ಸ್ನಾನಕ್ಕೆ ಹೋದಾಗ ಓಡಿಸುತ್ತೇನೆ’ ಎಂಬಂಥ ಉತ್ತರಗಳೂ ಬರುತ್ತವೆ, ನಕ್ಕು ಮುಂದುವರಿಯಿರಿ. ನಾಲ್ಕು ಜೋಡಿಗಳಾದ ಮೇಲೆ ಅವನ್ನು ಒಂದು ಪರಿಚ್ಛೇದವಾಗಿ ಜೋಡಿಸಲು ಹೇಳಬೇಕು. ‘ಮಳೆ ಬಂದರೆ ಹೊರಗೆ ಹೋಗಲಾಗುವುದಿಲ್ಲ, ಆದ್ದರಿಂದ ಆ ದಿನಗಳಿಗಾಗಿ ಎರಡು ಪುಸ್ತಕಗಳನ್ನು ಮೊದಲೇ ತೆಗೆದಿಟ್ಟುಕೊಳ್ಳುತ್ತೇನೆ’ ಎಂಬ ವಾಕ್ಯವನ್ನು ಒಂಬತ್ತು ವರ್ಷದ ಮಗು ಬರೆದರೆ, ಅದು ‘ಮಜಾ ಮಾಡುತ್ತೇನೆ’ ಎಂಬಲ್ಲಿಂದ ಬಹಳ ದೂರ ಬಂದಿದೆ ಎಂದೇ ಅರ್ಥ.

ಇದೇ ಸಂದರ್ಭದಲ್ಲಿ ಭವಿಷ್ಯವನ್ನು ಹೇಳಲು ಕನ್ನಡದಲ್ಲಿರುವ ಬೇರೆ ಬೇರೆ ಬಿಗಿಗಳನ್ನು ತೋರಿಸಿಕೊಡಬಹುದು. ‘ಹೋಗುತ್ತೇನೆ’ ಎಂದರೆ ನಿಶ್ಚಯ, ‘ಹೋಗಬೇಕೆಂದಿದ್ದೇನೆ’ ಎಂದರೆ ಇಚ್ಛೆ, ‘ಹೋಗಬಹುದು’ ಎಂದರೆ ಸಾಧ್ಯತೆ, ‘ಹೋದೇನು’ ಎಂದರೆ ಅದಕ್ಕೂ ಸಡಿಲವಾದ ಊಹೆ. ವ್ಯಾಕರಣದ ಪುಸ್ತಕದಲ್ಲಿ ಸಂಭಾವನಾರ್ಥಕವೆಂದು ಕಂಠಪಾಠ ಮಾಡಿ ಮರೆಯುವ ಈ ಕೊನೆಯ ರೂಪಕ್ಕೆ ಬಳಕೆಯ ಜಾಗ ಸಿಗುವುದು ಯೋಜನೆಯಂಥ ಬರಹದಲ್ಲೇ. ತಮ್ಮ ಪಟ್ಟಿಯ ಪ್ರತಿ ಸಾಲಿಗೂ ಇವುಗಳಲ್ಲಿ ಯಾವುದು ಒಪ್ಪುತ್ತದೆಂದು ಮಕ್ಕಳೇ ತೀರ್ಮಾನಿಸಲಿ. ಎಲ್ಲಕ್ಕೂ ‘ಹೋಗುತ್ತೇನೆ, ಮಾಡುತ್ತೇನೆ’ ಎಂದು ಬರೆದಿದ್ದವರು ಅರ್ಧಕ್ಕರ್ಧ ಸಾಲುಗಳನ್ನು ಬದಲಾಯಿಸುತ್ತಾರೆ, ಬದಲಾಯಿಸುವಾಗ ತಮಗೆ ಯಾವುದು ನಿಜವಾಗಿ ಬೇಕಾಗಿದೆ ಎಂದು ಅವರಿಗೇ ತಿಳಿಯುತ್ತದೆ.

ಒಪ್ಪಿಗೆ ಕೇಳುವ ಪತ್ರ

ಮಕ್ಕಳ ಯೋಜನೆಗಳಲ್ಲಿ ಹೆಚ್ಚಿನವು ದೊಡ್ಡವರ ಒಪ್ಪಿಗೆ ಇಲ್ಲದೆ ನಡೆಯುವುದಿಲ್ಲ. ಈ ಕಟ್ಟಳೆಯನ್ನೇ ಬರಹದ ವಸ್ತುವನ್ನಾಗಿ ಮಾಡಿಕೊಳ್ಳಬಹುದು. ನಾಲ್ಕನೆಯ, ಐದನೆಯ ತರಗತಿಯ ಮಕ್ಕಳು ತಮಗೆ ತುಂಬ ಬೇಕಾದ ಒಂದೇ ಒಂದು ವಿಷಯವನ್ನು ಆರಿಸಿಕೊಂಡು, ಅದಕ್ಕೆ ಒಪ್ಪಿಗೆ ಕೊಡಬೇಕಾದವರಿಗೆ ಪತ್ರ ಬರೆಯಲಿ. ನಿಜವಾದ ಪತ್ರ, ನಿಜವಾಗಿ ಮನೆಗೆ ಒಯ್ದು ಕೊಡುವ ಪತ್ರ.

ಪತ್ರಕ್ಕೆ ಚೌಕಟ್ಟು ಹೀಗಿರಲಿ. ಮೊದಲು ಏನು ಬೇಕೆಂದು ಒಂದೇ ವಾಕ್ಯದಲ್ಲಿ ಸ್ಪಷ್ಟವಾಗಿ ಹೇಳಬೇಕು. ಆಮೇಲೆ ಎರಡು ಕಾರಣಗಳು. ಅನಂತರ, ಮುಖ್ಯವಾಗಿ, ಓದುವವರು ಹೇಳಬಹುದಾದ ಆಕ್ಷೇಪಣೆಯನ್ನು ಮಗುವೇ ಮುಂಚಿತವಾಗಿ ಹೇಳಿ ಅದಕ್ಕೆ ಉತ್ತರ ಕೊಡಬೇಕು. ಕೊನೆಗೆ ತಾನು ವಹಿಸಿಕೊಳ್ಳುವ ಒಂದು ಜವಾಬ್ದಾರಿ. ‘ಅಮ್ಮಾ, ಬೆಕ್ಕಿನ ಮರಿ ತಂದರೆ ನೀನೇ ನೋಡಿಕೊಳ್ಳಬೇಕಾಗುತ್ತದೆ ಎಂದು ನೀನು ಹೇಳುತ್ತೀಯಾ ಎಂದು ನನಗೆ ಗೊತ್ತು. ಅದಕ್ಕೆ ಮೊದಲ ಎರಡು ವಾರ ಪಕ್ಕದ ಮನೆಯ ಬೆಕ್ಕಿಗೆ ನಾನೇ ಊಟ ಹಾಕಿ ತೋರಿಸುತ್ತೇನೆ’ ಎಂಬ ಎರಡು ವಾಕ್ಯಗಳಲ್ಲಿ ಮಗು ತನ್ನ ತಲೆಯಿಂದ ಹೊರಬಂದು ಇನ್ನೊಬ್ಬರ ತಲೆಯೊಳಗೆ ಇಣುಕಿ ನೋಡಿದೆ. ವಾದ ಮಾಡುವ ಬರವಣಿಗೆಯ ಕಷ್ಟವೆಲ್ಲ ಇರುವುದು ಇಲ್ಲೇ. ಊಹೆಯ ಓದುಗನಿಗೆ ಬರೆಯುವಾಗ ಈ ಇಣುಕುವಿಕೆ ಸಾಧ್ಯವಿಲ್ಲ; ಅಮ್ಮ ಏನು ಹೇಳುತ್ತಾಳೆಂಬುದು ಮಾತ್ರ ಪ್ರತಿ ಮಗುವಿಗೂ ಅಕ್ಷರಶಃ ಗೊತ್ತಿರುತ್ತದೆ.

ಸಂಬೋಧನೆಯನ್ನು ಮಕ್ಕಳ ಮನೆಯ ರೂಢಿಗೇ ಬಿಡಿ. ‘ತೀರ್ಥರೂಪು’ವಿನಿಂದ ಶುರುಮಾಡಿಸಿದರೆ ಮನೆಯಲ್ಲಿ ‘ಅಪ್ಪಾ, ನೀನು’ ಎನ್ನುವ ಮಗು ಪತ್ರದ ಉದ್ದಕ್ಕೂ ಅಪರಿಚಿತರಿಗೆ ಬರೆದಂತೆ ಬರೆಯುತ್ತದೆ. ಅಜ್ಜಿಗೆ ‘ನೀವು’ ಎನ್ನುವ ಮನೆಯ ಮಗು ‘ನೀವು’ ಎಂದೇ ಬರೆಯಲಿ, ಆದರೆ ಒಮ್ಮೆ ಹಿಡಿದ ರೂಪವನ್ನು ಕೊನೆಯವರೆಗೂ ಬಿಡಬಾರದು: ‘ನೀವು’ ಎಂದು ಶುರುಮಾಡಿ ‘ಕೊಡು’ ಎಂದು ಮುಗಿಸುವುದು ಈ ವಯಸ್ಸಿನಲ್ಲಿ ಸಾಮಾನ್ಯ, ತಿದ್ದಲು ಯೋಗ್ಯವಾದ ತಪ್ಪು. ಪತ್ರದ ಕೆಳಗೆ ಉತ್ತರಕ್ಕಾಗಿ ನಾಲ್ಕು ಗೆರೆಗಳ ಜಾಗ ಬಿಡಿಸಿ, ಮನೆಯವರು ಅದರಲ್ಲಿ ಬರೆದು ಕಳಿಸಬೇಕೆಂದು ಮೊದಲೇ ತಿಳಿಸಿಡಬೇಕು. ‘ಆಗಲಿ’ ಎಂದೇ ಬರಬೇಕಾಗಿಲ್ಲ. ಕಾರಣ ಸಹಿತವಾದ ‘ಈಗ ಬೇಡ’ ಕೂಡ ಮಗುವಿನ ಬರಹವನ್ನು ಗಂಭೀರವಾಗಿ ಓದಿದ್ದಕ್ಕೆ ಸಾಕ್ಷಿ. ಮನೆಯಲ್ಲಿ ಓದು ಬರಹ ಬಲ್ಲವರಿಲ್ಲದಿದ್ದರೆ ಮಗುವೇ ಗಟ್ಟಿಯಾಗಿ ಓದಿ ಹೇಳಿ, ಅವರು ಕೊಟ್ಟ ಉತ್ತರವನ್ನು ತಾನೇ ಬರೆದುಕೊಂಡು ಬರಬಹುದು.

ಎಂಟು ಪುಟಗಳ ಕಿರುಪುಸ್ತಕ

ರಜೆಯ ಜೊತೆಗೇ ಮನೆಗೆ ಹೋಗಬೇಕಾದ ವಸ್ತು ಇದು. ಒಂದು ಎ4 ಹಾಳೆ ಮತ್ತು ಒಂದು ಕತ್ತರಿ ಸಾಕು, ಅಂಟು ಬೇಡ, ಹೊಲಿಗೆ ಬೇಡ. ಹಾಳೆಯನ್ನು ಅಡ್ಡಲಾಗಿ ಇಟ್ಟುಕೊಂಡು ಉದ್ದಕ್ಕೆ ಅರ್ಧ ಮಡಚಿ ಬಿಡಿಸಿ. ಈಗ ಎಡದಿಂದ ಬಲಕ್ಕೆ ನಡುವಿನಲ್ಲಿ ಒಂದು ಗೆರೆ ಬಂದಿರುತ್ತದೆ. ಆಮೇಲೆ ಎಡ ಅಂಚನ್ನು ಬಲ ಅಂಚಿಗೆ ತಂದು ಮಡಚಿ, ಅದೇ ದಿಕ್ಕಿನಲ್ಲಿ ಮತ್ತೊಮ್ಮೆ ಮಡಚಿ, ಪೂರ್ತಿ ಬಿಡಿಸಿದರೆ ಎಂಟು ಸಮನಾದ ಮನೆಗಳು ಕಾಣುತ್ತವೆ. ಒಂದೊಂದು ಮನೆಯೂ ಸುಮಾರು 74 ಮಿ.ಮೀ. ಅಗಲ, 105 ಮಿ.ಮೀ. ಎತ್ತರ ಇರುತ್ತದೆ. ಪುನಃ ಎಡ ಅಂಚನ್ನು ಬಲ ಅಂಚಿಗೆ ತಂದು ಒಮ್ಮೆ ಮಾತ್ರ ಮಡಚಿ, ಮಡಿಕೆಯ ಕಡೆಯಿಂದ ನಡುವಿನ ಗೆರೆಯ ಮೇಲೆ ಒಂದು ಮನೆಯ ಅಗಲದಷ್ಟು ಮಾತ್ರ ಕತ್ತರಿಸಬೇಕು. ಬಿಡಿಸಿದಾಗ ಹಾಳೆಯ ಮಧ್ಯದಲ್ಲಿ ಎರಡು ಮನೆಗಳ ಉದ್ದದ ಸೀಳು ಇರುತ್ತದೆ, ಅಂಚುಗಳು ಇಡಿಯಾಗಿರುತ್ತವೆ. ಈಗ ಉದ್ದಕ್ಕೆ ಮಡಚಿ ಎರಡು ತುದಿಗಳನ್ನು ಹಿಡಿದು ಒಳಕ್ಕೆ ತಳ್ಳಿದರೆ ಸೀಳು ಬಾಯಿ ತೆರೆದು ಅಧಿಕ ಚಿಹ್ನೆಯ ಆಕಾರ ಬರುತ್ತದೆ. ಅದನ್ನು ಸುತ್ತಿ ಒತ್ತಿದರೆ ಪುಸ್ತಕ ಸಿದ್ಧ. ಹಿಂದಿನ ದಿನ ಶಿಕ್ಷಕರು ತಾವೇ ಎರಡು ಮೂರು ಮಾಡಿ ನೋಡಿರುವುದು ಕ್ಷೇಮ. ಅಂಚಿನ ಕಡೆಯಿಂದ ಕತ್ತರಿಸಿ ಹಾಳೆಯನ್ನು ಎರಡು ತುಂಡು ಮಾಡುವವರು ಪ್ರತಿ ಸಲವೂ ಇರುತ್ತಾರಾದ್ದರಿಂದ ಐದಾರು ಹೆಚ್ಚುವರಿ ಹಾಳೆಗಳೂ ಇರಲಿ.

ಮೊದಲ ಪುಟ ರಕ್ಷಾಪುಟ, ಕೊನೆಯದರಲ್ಲಿ ಲೇಖಕರ ಪರಿಚಯ. ನಡುವಿನ ಆರು ಪುಟಗಳಲ್ಲಿ ಒಂದೊಂದಕ್ಕೂ ಒಂದು ಯೋಜನೆ, ಮೇಲಿನ ಅರ್ಧ ಈಗ ತುಂಬಿಸಲು, ಕೆಳಗಿನ ಅರ್ಧ ರಜೆಯಲ್ಲಿ ತುಂಬಿಸಲು. ಮೇಲೆ ‘ಇರುವೆ ಗೂಡಿನ ಬಾಯಿ ಎಲ್ಲಿದೆಯೆಂದು ಹುಡುಕುತ್ತೇನೆ’ ಎಂದಿದ್ದರೆ, ಕೆಳಗೆ ಏನಾಯಿತು ಎಂಬುದಕ್ಕೆ ಖಾಲಿ ಜಾಗ. ಖಾಲಿ ಬಿಟ್ಟ ಜಾಗ ಕರೆಯುತ್ತಲೇ ಇರುತ್ತದೆ, ಅದರ ಗುಣವೇ ಹಾಗೆ. ಆರೂ ಪುಟಗಳನ್ನು ಎಲ್ಲರೂ ತುಂಬಿಸಿಕೊಂಡು ಬರುತ್ತಾರೆಂದು ನಿರೀಕ್ಷಿಸಬೇಡಿ, ಎರಡು ತುಂಬಿದರೂ ಲಾಭವೇ.

ಈ ಪುಸ್ತಕವನ್ನು ಮನೆಗೆ ಕಳಿಸಲು ಇನ್ನೊಂದು ಕಾರಣವೂ ಇದೆ. ಅಮೆರಿಕದ ಸಂಶೋಧಕ ಹ್ಯಾರಿಸ್ ಕೂಪರ್ ಮತ್ತು ಅವರ ಸಂಗಡಿಗರು 1996ರಲ್ಲಿ 39 ಅಧ್ಯಯನಗಳನ್ನು ಪರಿಶೀಲಿಸಿ, ಬೇಸಿಗೆ ರಜೆಯ ಅವಧಿಯಲ್ಲಿ ಮಕ್ಕಳ ಕಲಿಕೆ ಸರಾಸರಿಯಲ್ಲಿ ಸುಮಾರು ಒಂದು ತಿಂಗಳಷ್ಟು ಹಿಂದೆ ಸರಿಯುತ್ತದೆಂದೂ, ಲೆಕ್ಕ ಮಾಡುವ ಕೌಶಲ ಮತ್ತು ಪದಗಳನ್ನು ತಪ್ಪಿಲ್ಲದೆ ಬರೆಯುವ ಕೌಶಲ ಎರಡೂ ಎಲ್ಲಕ್ಕಿಂತ ಹೆಚ್ಚು ಸೊರಗುತ್ತವೆಂದೂ ವರದಿ ಮಾಡಿದರು. ಈ ನಷ್ಟ ನಿಜವಾಗಿ ಎಷ್ಟು, ಅಳೆಯುವ ರೀತಿಯಿಂದ ಅದು ಎಷ್ಟು ಬದಲಾಗುತ್ತದೆ ಎಂಬ ಬಗ್ಗೆ ಅನಂತರದ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಏನೇ ಇರಲಿ, ಒತ್ತಕ್ಷರ ಮತ್ತು ದೀರ್ಘಗಳು ಕೈಯ ಅಭ್ಯಾಸದಿಂದ ಉಳಿಯುವಂಥವು. ವಾರಕ್ಕೆ ಎರಡು ಸಾಲನ್ನಾದರೂ ತನ್ನ ಕೈಯಾರೆ ಬರೆದ ಮಗುವಿಗೆ ಅವು ಅಷ್ಟು ಬೇಗ ಮರೆಯುವುದಿಲ್ಲ. ಹೋಂವರ್ಕ್ ಎಂಬ ಪದವನ್ನು ಮಾತ್ರ ಇದರ ಹತ್ತಿರ ಸುಳಿಯಗೊಡಬೇಡಿ.

ಇನ್ನೆರಡು ಸಣ್ಣ ಚಟುವಟಿಕೆಗಳು

ಒಂದು ಪದದ ಅಕ್ಷರಗಳನ್ನು ಒಂದರ ಕೆಳಗೊಂದು ಬರೆದು, ಪ್ರತಿ ಅಕ್ಷರದಿಂದ ಒಂದು ಸಾಲನ್ನು ಶುರುಮಾಡಿಸುವ ಆಟ ವರ್ಷಾಂತ್ಯದಲ್ಲಿ ಬಹಳ ಕಡೆ ನಡೆಯುತ್ತದೆ. ಇಂಗ್ಲಿಷಿನಿಂದ ಬಂದ ಈ ಆಟವನ್ನು ಕನ್ನಡದಲ್ಲಿ ಆಡಿಸುವಾಗ ಪದದ ಆಯ್ಕೆಯಲ್ಲಿ ಎಚ್ಚರ ಬೇಕು. ‘ಬೇಸಿಗೆ ರಜೆ’ ಎಂದು ಕೊಟ್ಟರೆ ಮಕ್ಕಳು ‘ಗೆ’ಯಲ್ಲಿ ಗೆಳೆಯನನ್ನು ಹಿಡಿದುಕೊಂಡು ಹೇಗೋ ದಾಟುತ್ತಾರೆ, ‘ಜೆ’ಯಲ್ಲಿ ಮುಳುಗುತ್ತಾರೆ. ‘ರಜಾದಿನ’ ಎಂಬುದು ವಾಸಿ: ‘ಜಾ’ಗೆ ಜಾರುಬಂಡೆ, ಜಾಣ, ಜಾಗ ಇವೆ, ‘ದಿ’ಗೆ ದಿನವೂ ಇದೆ ದಿಂಬೂ ಇದೆ. ಹತ್ತು ನಿಮಿಷದ ವಿನೋದಕ್ಕೆ ಇದು ಸರಿ. ಯೋಜನೆಯ ಬರಹವೆಂದು ಇದನ್ನು ನಾನು ಎಣಿಸುವುದಿಲ್ಲ, ಏಕೆಂದರೆ ಏನು ಮಾಡಬೇಕೆಂಬುದನ್ನು ಇಲ್ಲಿ ಮಗುವಿಗಿಂತ ಅಕ್ಷರವೇ ತೀರ್ಮಾನಿಸುತ್ತದೆ.

ಅಂಚೆ ಕಾರ್ಡಿನ ಚಟುವಟಿಕೆಗೆ ಹೆಚ್ಚು ಕಸುವಿದೆ. ಆಸ್ಟ್ರಿಯಾ-ಹಂಗರಿಯ ಅಂಚೆ ಇಲಾಖೆ 1869ರ ಅಕ್ಟೋಬರ್ 1ರಂದು ಮೊದಲ ಅಧಿಕೃತ ಕಾರ್ಡನ್ನು ಹೊರತಂದಾಗಿನಿಂದ ಅದರ ಗುಣ ಒಂದೇ: ಜಾಗ ಕಡಿಮೆ, ಆದ್ದರಿಂದ ಮುಖ್ಯವಾದದ್ದು ಮಾತ್ರ. ರಜೆಯ ನಡುವಿನ ಒಂದು ದಿನವನ್ನು ಊಹಿಸಿಕೊಂಡು, ಆ ದಿನ ಸಂಜೆ ಗೆಳೆಯನಿಗೆ ಬರೆಯುವಂತೆ ಐದು ಸಾಲು ಬರೆಸಿ. ‘ಇವತ್ತು ಮೂರನೇ ಸಲ ಬಿದ್ದೆ, ಮೊಣಕಾಲು ತರಚಿದೆ, ಆದರೆ ಗೇಟಿನವರೆಗೆ ಕಾಲು ಊರದೆ ಹೋದೆ’ ಎಂದು ಇನ್ನೂ ನಡೆಯದ್ದನ್ನು ನಡೆದಂತೆ ಬರೆಯುವಾಗ, ಭವಿಷ್ಯಕ್ಕೆ ಇಲ್ಲದ ವಿವರಗಳು ಭೂತಕಾಲದ ಕ್ರಿಯಾಪದದ ಬೆನ್ನಿಗೆ ತಾವಾಗಿಯೇ ಬರುತ್ತವೆ. ‘ಮಾಡುತ್ತೇನೆ’ಯಲ್ಲಿ ಸಿಕ್ಕಿಕೊಂಡ ಮಗುವಿಗೆ ಇದು ಒಳ್ಳೆಯ ಮದ್ದು.

ಏನನ್ನು ತಿದ್ದಬೇಕು

ವರ್ಷದ ಕೊನೆಯ ಬರಹವನ್ನು ಕೆಂಪು ಶಾಯಿಯಲ್ಲಿ ಮುಳುಗಿಸಿ ಮನೆಗೆ ಕಳಿಸುವುದರಿಂದ ಯಾರಿಗೂ ಪ್ರಯೋಜನವಿಲ್ಲ. ಒಂದು ಹಾಳೆಯಲ್ಲಿ ಒಂದೇ ಬಗೆಯ ತಿದ್ದುಪಡಿ ಎಂದು ಮೊದಲೇ ನಿಶ್ಚಯಿಸಿಕೊಳ್ಳಿ. ನಾನಾಗಿದ್ದರೆ ಮೂರನೆಯ ತರಗತಿಗೆ ‘ಆಮೇಲೆ’ಯನ್ನು ಆರಿಸುತ್ತೇನೆ. ‘ಎದ್ದೇಳುತ್ತೇನೆ, ಆಮೇಲೆ ಹಲ್ಲು ಉಜ್ಜುತ್ತೇನೆ, ಆಮೇಲೆ ಗಿಡಕ್ಕೆ ನೀರು ಹಾಕುತ್ತೇನೆ, ಆಮೇಲೆ ಓದುತ್ತೇನೆ’ ಎಂಬ ಸರಪಳಿಯನ್ನು ಮುರಿಯಲು ಕನ್ನಡದಲ್ಲೇ ಸಿದ್ಧವಾದ ಉಪಾಯವಿದೆ: ‘ಎದ್ದು, ಹಲ್ಲು ಉಜ್ಜಿ, ಗಿಡಕ್ಕೆ ನೀರು ಹಾಕಿ, ಓದಲು ಕೂರುತ್ತೇನೆ.’ ಕೃದಂತಾವ್ಯಯ ಎಂಬ ಹೆಸರನ್ನು ಹೇಳದೆಯೂ ಇದನ್ನು ಕಲಿಸಬಹುದು. ಹಲಗೆಯ ಮೇಲೆ ಒಂದು ಉದಾಹರಣೆಯನ್ನು ತಿದ್ದಿ ತೋರಿಸಿ, ತಮ್ಮ ಬರಹದಲ್ಲಿರುವ ‘ಆಮೇಲೆ’ಗಳನ್ನು ಎಣಿಸಿ ಅರ್ಧಕ್ಕೆ ಇಳಿಸಲು ಹೇಳಿದರೆ ಮಕ್ಕಳು ಅದನ್ನು ಪಂದ್ಯದಂತೆ ಮಾಡುತ್ತಾರೆ. ಎಲ್ಲವನ್ನೂ ತೆಗೆಸಬೇಡಿ, ಸರಿಯಾದ ಜಾಗದಲ್ಲಿ ಬಂದ ಒಂದು ‘ಆಮೇಲೆ’ ಕಥೆಯನ್ನು ತಿರುಗಿಸುತ್ತದೆ.

ಮೊದಲ ಕರಡಿನಲ್ಲಿ ‘ಹೋಗ್ತೀನಿ, ಆಡ್ತೀನಿ’ ಎಂದು ಆಡುಮಾತಿನಲ್ಲೇ ಬರೆದುಕೊಳ್ಳಲು ಬಿಡುವುದು ಒಳಿತೆಂದು ನನ್ನ ಅಭಿಪ್ರಾಯ. ಬರಹದ ರೂಪವನ್ನೂ ವಿಷಯವನ್ನೂ ಒಟ್ಟಿಗೆ ಹಿಡಿಯಹೊರಟ ಚಿಕ್ಕ ಕೈ ವಿಷಯವನ್ನು ಕೈಬಿಡುತ್ತದೆ. ಎರಡನೆಯ ಸಲ ಬರೆಯುವಾಗ ‘ಹೋಗುತ್ತೇನೆ’ ಆಗಿ ಬದಲಾಯಿಸಿದರೆ ಸಾಕು. ಪತ್ರ ಮತ್ತು ಅಂಚೆ ಕಾರ್ಡಿನಲ್ಲಿ ಅದನ್ನೂ ಬಿಟ್ಟುಬಿಡಬಹುದು.

ಗಟ್ಟಿಯಾಗಿ ಓದುವ ಹೊತ್ತಿನಲ್ಲಿ ಎಲ್ಲರನ್ನೂ ಓದಿಸಲೇಬೇಕೆಂಬ ನಿಯಮ ಬೇಡ. ತಾನು ಓದಲು ಒಪ್ಪದ ಮಗು ತನ್ನ ಬರಹದಿಂದ ಒಂದೇ ಒಂದು ವಾಕ್ಯವನ್ನು ಆರಿಸಿಕೊಡಲಿ. ಅಂಥ ವಾಕ್ಯಗಳನ್ನು ಹೆಸರಿಲ್ಲದೆ ಪಟ್ಟಿಗಳಲ್ಲಿ ಬರೆದು ಬಾಗಿಲ ಬಳಿ ತೂಗುಹಾಕಬಹುದು.

ಲಕೋಟೆ

ಕೊನೆಯ ದಿನಕ್ಕೆ ಒಂದು ಚಿಕ್ಕ ಕೆಲಸ ಉಳಿಸಿಕೊಳ್ಳಿ. ಪ್ರತಿ ಮಗುವೂ ಮುಂದಿನ ತರಗತಿಯ ಮೊದಲ ದಿನದ ತನಗೇ ಒಂದು ಪತ್ರ ಬರೆಯಬೇಕು: ರಜೆಯಲ್ಲಿ ಮಾಡಬೇಕೆಂದಿರುವ ಮೂರು ವಿಷಯಗಳು, ಅವುಗಳಲ್ಲಿ ಯಾವುದು ಆಗುವುದಿಲ್ಲವೆಂದು ಈಗಲೇ ಅನ್ನಿಸುತ್ತಿದೆ, ಮತ್ತು ಈಗ ಗೊತ್ತಿಲ್ಲದ, ಆಗ ಗೊತ್ತಿರಬಹುದಾದ ಒಂದು ಪ್ರಶ್ನೆ. ಎರಡನೆಯದನ್ನು ಬಿಡಿಸಬೇಡಿ, ಮಕ್ಕಳು ಅತ್ಯಂತ ಪ್ರಾಮಾಣಿಕವಾಗಿ ಬರೆಯುವುದು ಅದನ್ನೇ. ಬರೆದ ಹಾಳೆಯನ್ನು ಮಗುವೇ ಲಕೋಟೆಗೆ ಹಾಕಿ, ಅಂಟಿಸಿ, ಹೆಸರು ಮತ್ತು ದಿನಾಂಕ ಬರೆಯಲಿ. ಶಿಕ್ಷಕರು ಓದುವುದಿಲ್ಲವೆಂದು ಮಾತು ಕೊಡಬೇಕು, ಕೊಟ್ಟಮೇಲೆ ಓದಬಾರದು.

ಲಕೋಟೆಗಳ ಕಟ್ಟನ್ನು ಮುಂದಿನ ವರ್ಷದ ಶಿಕ್ಷಕರ ಕೈಗೇ ಕೊಟ್ಟು, ಮೇಲೆ ತರಗತಿಯ ಹೆಸರು ಮತ್ತು ‘ಮೊದಲ ವಾರದಲ್ಲಿ ಹಂಚಬೇಕು’ ಎಂದು ದೊಡ್ಡದಾಗಿ ಬರೆದಿಡಿ, ಏಕೆಂದರೆ ರಜೆ ಕಳೆಯುವಷ್ಟರಲ್ಲಿ ಬೀರುವಿನಲ್ಲಿ ಏನಿದೆಯೆಂದು ಯಾರಿಗೂ ನೆನಪಿರುವುದಿಲ್ಲ. ಶಾಲೆ ಬಿಟ್ಟು ಹೋಗುವ ಮಕ್ಕಳ ಲಕೋಟೆಯನ್ನು ಕೊನೆಯ ದಿನವೇ ಅವರ ಕೈಗೆ ಕೊಟ್ಟುಬಿಡಬೇಕು, ತೆರೆಯುವ ದಿನಾಂಕವನ್ನು ಮೇಲೆ ಅವರೇ ಬರೆದುಕೊಳ್ಳಲಿ. ಹಂಚುವ ದಿನ ಮಕ್ಕಳು ಲಕೋಟೆ ಒಡೆದು ಓದಿದ ಮೇಲೆ ಅದೇ ಹಾಳೆಯ ಹಿಂಬದಿಯಲ್ಲಿ ಪ್ರತಿ ಯೋಜನೆಯ ಎದುರಿಗೆ ‘ಆಯಿತು’, ‘ಆಗಲಿಲ್ಲ’, ‘ಬೇರೆ ಏನೋ ಆಯಿತು’ ಎಂಬುದರಲ್ಲಿ ಒಂದನ್ನು ಬರೆಯಬೇಕು. ಮೂರನೆಯದನ್ನು ಬರೆದವರನ್ನು ಮೊದಲು ಮಾತಾಡಿಸಿ. ಹೊಸ ವರ್ಷದ ಮೊದಲ ಬರಹಕ್ಕೆ ವಸ್ತು ಅವರ ಬಳಿ ಆಗಲೇ ಸಿದ್ಧವಾಗಿರುತ್ತದೆ.